ವಾಕರ್ ಹಿಡಿದ ಮೇಲೆ: ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ವಾಪಸ್ ಪಡೆಯುವುದು ಹೇಗೆ?

ಸೊಂಟದ ಮೂಳೆ ಮುರಿದು ಆಪರೇಷನ್ ಆದವರು, ಮಂಡಿ ಬದಲಿಸಿಕೊಂಡವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು, ವಯಸ್ಸಾಗಿ ಕಾಲು ನಡುಗುವವರು. ವಾಕರ್ ಹಿಡಿಯಲು ಕಾರಣ ನೂರು. ಆದರೆ ಅದು ಮನೆಗೆ ಬಂದ ಮೇಲೆ ಕೇಳಿಸುವ ಮಾತು ಎಲ್ಲರ ಮನೆಯಲ್ಲೂ ಒಂದೇ: “ನೀವು ಏಳ್ಬೇಡಿ, ಏನು ಬೇಕೋ ಹೇಳಿ, ನಾನು ತಂದ್ಕೊಡ್ತೀನಿ.”

ಪ್ರೀತಿಯ ಮಾತೇ. ಆದರೆ ನೀರು, ಪೇಪರ್, ಕನ್ನಡಕ ಎಲ್ಲಾ ಕೂತಲ್ಲಿಗೇ ಬರತೊಡಗಿದರೆ ಕಾಲಿಗೆ ಕೆಲಸ ಇರುವುದಿಲ್ಲ. ಕೆಲಸ ಇಲ್ಲದ ಕಾಲು ಸೊರಗುತ್ತದೆ. ಸೊರಗಿದ ಕಾಲು ನಡುಗುತ್ತದೆ, ನಡುಗಿದಾಗ ಬೀಳುವ ಭಯ ಜಾಸ್ತಿಯಾಗುತ್ತದೆ, ಭಯಕ್ಕೆ ಮತ್ತೆ ಕುರ್ಚಿಯೇ ಗತಿ. ಬೀಳುವ ಭಯದಿಂದ ನಡೆಯುವುದನ್ನು ಬಿಟ್ಟವರಿಗೇ ಬೀಳುವ ಅಪಾಯ ಹೆಚ್ಚು ಎಂದು ಫಿಸಿಯೋಥೆರಪಿ ಮಾಡುವವರು ಹೇಳುವುದು ಇದಕ್ಕೇ.

ಹಾಗಾಗಿ ಎಷ್ಟು ಹೆಜ್ಜೆ ನಡೆದೆ, ಎಷ್ಟು ಸುತ್ತು ಹಾಕಿದೆ ಎಂಬ ಲೆಕ್ಕ ಸ್ವಲ್ಪ ಪಕ್ಕಕ್ಕಿಡಿ. ನೀವು ಮಾಡುತ್ತಿದ್ದ ಯಾವ ಕೆಲಸ ಈಗ ಬೇರೆಯವರ ಕೈಗೆ ಹೋಗಿದೆ, ಅದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ ಎಂದು ಯೋಚಿಸಿ. ಧೈರ್ಯ ಬರುವುದು ಆ ದಾರಿಯಲ್ಲಿ. ಅದಕ್ಕೆ ಮೊದಲು ಒಂದಿಷ್ಟು ತಯಾರಿ ಬೇಕು.

ವಾಕರ್ ನಿಮ್ಮ ಅಳತೆಗೆ ಬರಲಿ

ಅಂಗಡಿಯಿಂದ ತಂದ ಹಾಗೇ, ಇಲ್ಲವೇ ನೆಂಟರ ಮನೆಯ ಅಟ್ಟದಿಂದ ಇಳಿಸಿದ ಹಾಗೇ ವಾಕರ್ ಬಳಸುವವರು ತುಂಬಾ ಜನ. ಎತ್ತರ ಕಡಿಮೆ ಇದ್ದರೆ ಬೆನ್ನು ಬಾಗುತ್ತದೆ. ಜಾಸ್ತಿ ಇದ್ದರೆ ಭುಜ ಮೇಲೇರಿ, ಕೈಯಿಂದ ಒತ್ತಲು ಬಲವೇ ಸಿಗುವುದಿಲ್ಲ. ಎರಡರಲ್ಲೂ ಮೈ ಅಲ್ಲಾಡುತ್ತದೆ. ಆಮೇಲೆ “ನಂಗೆ ವಾಕರ್ ಆಗಿಬರಲ್ಲ” ಎಂದು ಮೂಲೆಗಿಡುತ್ತಾರೆ.

ಮನೆಯಲ್ಲಿ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ನೆಟ್ಟಗೆ ನಿಲ್ಲಿ. ಕೈ ಸಡಿಲವಾಗಿ ಇಳಿಬಿಡಿ. ವಾಕರಿನ ಹಿಡಿಕೆ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು, 15ರಿಂದ 20 ಡಿಗ್ರಿಯಷ್ಟು. ಕಾಲಿನ ಕೊಳವೆಯಲ್ಲಿ ಸಾಲಾಗಿ ತೂತುಗಳಿರುತ್ತವೆ. ಗುಂಡಿ ಒತ್ತಿ ಉದ್ದ ಬದಲಿಸಿ. ನಾಲ್ಕೂ ಕಾಲು ಒಂದೇ ತೂತಿನಲ್ಲಿ ಕೂತಿವೆಯೇ, ಗುಂಡಿ ಟಕ್ ಎಂದು ಪೂರ್ತಿ ಹೊರಗೆ ಬಂದಿದೆಯೇ ಎಂದು ಬೆರಳಿಟ್ಟು ನೋಡಿ.

ಚಕ್ರವೇ ಇಲ್ಲದ ವಾಕರನ್ನು ಪ್ರತಿ ಹೆಜ್ಜೆಗೂ ಎತ್ತಿ ಇಡಬೇಕು. ನಿಧಾನ, ಆದರೆ ತುಂಬಾ ಗಟ್ಟಿ. ಮುಂದೆ ಎರಡು ಚಕ್ರ ಇರುವುದನ್ನು ತಳ್ಳಿಕೊಂಡು ಹೋಗಬಹುದು, ಕೈ ಸೋಲುವುದಿಲ್ಲ. ನಾಲ್ಕು ಚಕ್ರ, ಬ್ರೇಕು, ಸೀಟು ಇರುವುದು ಹೊರಗೆ ದೂರ ನಡೆಯುವವರಿಗೆ. ಮೈಭಾರ ಪೂರ್ತಿ ಅದರ ಮೇಲೆ ಹಾಕಿದರೆ ಮುಂದೆ ಓಡಿಬಿಡುತ್ತದೆ. ಯಾವುದು ನಿಮಗೆ ಎಂಬುದನ್ನು ಅಂಗಡಿಯವರಿಗಿಂತ ಫಿಸಿಯೋ ಹೇಳಿದರೆ ಒಳ್ಳೆಯದು. ಕೊಳ್ಳುವ ಮೊದಲು ಮನೆಯ ಬಚ್ಚಲ ಬಾಗಿಲು ಅಳೆಯಿರಿ. ವಾಕರ್ ಎರಡು ಅಡಿ ಆಸುಪಾಸು ಅಗಲ ಇರುತ್ತದೆ. ಹಳೆ ಮನೆಗಳಲ್ಲಿ ಅದು ಎಲ್ಲಾ ಬಾಗಿಲಿಗೂ ಹೋಗಿ, ಬಚ್ಚಲಿಗೆ ಮಾತ್ರ ಹೋಗುವುದಿಲ್ಲ.

ದುಡ್ಡಿನ ಕಷ್ಟ ಇರುವವರಿಗೆ ಒಂದು ಮಾತು. ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಬಿಪಿಎಲ್ ಕುಟುಂಬದ 60 ದಾಟಿದವರಿಗೆ ವಾಕರ್, ಊರುಗೋಲು ಇತ್ಯಾದಿ ಶಿಬಿರಗಳಲ್ಲಿ ಉಚಿತವಾಗಿ ಸಿಗುತ್ತವೆ. 2017ರಿಂದ ಇದೆ. ಶಿಬಿರ ಯಾವಾಗ ಎಂದು ಜಿಲ್ಲೆಯ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ. ಹಿರಿಯರ ಸಹಾಯವಾಣಿ 14567ಕ್ಕೂ ಫೋನ್ ಮಾಡಬಹುದು.

ಏಳುವುದು, ನಡೆಯುವುದು, ಕೂರುವುದು

ಅಪಾಯ ಇರುವುದು ನಡಿಗೆಗಿಂತ ಏಳುವಾಗ ಮತ್ತು ಕೂರುವಾಗ. ಎಲ್ಲರೂ ಮಾಡುವುದು ಏನೆಂದರೆ, ಎರಡೂ ಕೈಯಲ್ಲಿ ವಾಕರ್ ಹಿಡಿದು ಜಗ್ಗಿ ಏಳುವುದು. ವಾಕರ್ ನಿಮ್ಮ ಕಡೆಗೇ ವಾಲಿಬಿಡುತ್ತದೆ. ಸರಿಯಾದ ಕ್ರಮ ಇದು:

1. ಕುರ್ಚಿಯ ಅಂಚಿಗೆ ಸರಿಯಿರಿ. ವಾಕರ್ ಎದುರಿಗಿರಲಿ, ಬಿಚ್ಚಿರಲಿ.
2. ಪಾದ ಹಿಂದಕ್ಕೆ ಎಳೆದುಕೊಳ್ಳಿ. ಆಪರೇಷನ್ ಆದ ಕಾಲು ಸ್ವಲ್ಪ ಮುಂದಿರಲಿ.
3. ಎರಡೂ ಕೈ ಕುರ್ಚಿಯ ತೋಳಿನ ಮೇಲೆ. ಮುಂದೆ ಬಾಗಿ, ಕುರ್ಚಿಯನ್ನು ಕೆಳಗೆ ಒತ್ತಿ ಏಳಿ.
4. ನಿಂತ ಮೇಲೆ ಒಂದು ಕೈ, ಆಮೇಲೆ ಇನ್ನೊಂದು ಕೈ ವಾಕರಿಗೆ.
5. ತಲೆ ಸುತ್ತುತ್ತಿದೆಯಾ ಎಂದು ನೋಡಿಕೊಂಡು ಆಮೇಲೆ ಹೆಜ್ಜೆ.

ಐದನೆಯದನ್ನು ಯಾರೂ ಮಾಡುವುದಿಲ್ಲ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದ ಕೂಡಲೇ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು. ರಾತ್ರಿ ಮಂಚದಿಂದ ಏಳುವಾಗ ಒಂದೆರಡು ನಿಮಿಷ ಅಂಚಿನಲ್ಲಿ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಎದ್ದೇಳಿ. ದಿನಾ ಹೀಗಾಗುತ್ತಿದ್ದರೆ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಿಸಬೇಕಾಗಬಹುದು.

ನಡೆಯುವಾಗ ಮೊದಲು ವಾಕರ್, ಆಮೇಲೆ ನೋವಿರುವ ಕಾಲು, ಆಮೇಲೆ ಒಳ್ಳೆ ಕಾಲು. ವಾಕರನ್ನು ಒಂದು ಹೆಜ್ಜೆಗಿಂತ ದೂರ ಇಡಬೇಡಿ. ಹಾಗೆಂದು ಮುಂದಿನ ಅಡ್ಡಪಟ್ಟಿಗೆ ಹೊಟ್ಟೆ ತಾಗುವಷ್ಟು ಒಳಗೂ ಹೋಗಬೇಡಿ. ಕಣ್ಣು ನಾಲ್ಕೈದು ಅಡಿ ಮುಂದಿರಲಿ. ತಿರುಗುವಾಗ ಕಾಲು ತಿರುಚಬೇಡಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ವಾಕರ್ ಜೊತೆಗೇ ಸುತ್ತಿ. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದನ್ನು ಆಪರೇಷನ್ ಮಾಡಿದ ಡಾಕ್ಟರೇ ಹೇಳಬೇಕು. ಪಕ್ಕದ ಮನೆಯವರಿಗೆ ಎಷ್ಟು ಹೇಳಿದ್ದರು ಎಂಬುದು ನಿಮಗೆ ಲೆಕ್ಕಕ್ಕಿಲ್ಲ.

ಕೂರುವಾಗ ಹಿಂದೆ ಸರಿಯುತ್ತಾ ಹೋಗಿ. ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗಿದ ಮೇಲೆಯೇ ಕೈ ಹಿಂದೆ ಚಾಚಿ ತೋಳು ಹಿಡಿದು, ನಿಧಾನಕ್ಕೆ ಇಳಿಯಿರಿ. ಪ್ಲಾಸ್ಟಿಕ್ ಕುರ್ಚಿ ನಯವಾದ ಟೈಲ್ಸ್ ಮೇಲೆ ಜಾರುತ್ತದೆ. ಗೋಡೆಗೆ ಒತ್ತಿ ಇಟ್ಟ, ತೋಳಿರುವ ಮರದ ಕುರ್ಚಿ ಬೇಕು. ಮೆತ್ತನೆಯ ಸೋಫಾ ಸದ್ಯಕ್ಕೆ ಬಂದ ನೆಂಟರಿಗೆ ಇರಲಿ.

ಹೊಸಿಲು, ಮೆಟ್ಟಿಲು, ಕಾಲೊರಸು

ನಮ್ಮ ಮನೆಗಳಲ್ಲಿ ಹೊಸಿಲೇ ದೊಡ್ಡ ಪರೀಕ್ಷೆ. ಹಳೆ ಮನೆಯ ದೇವರ ಕೋಣೆಗೆ, ನಡುಮನೆಗೆ ನಾಲ್ಕೈದು ಇಂಚಿನ ಹೊಸಿಲು ಇರುತ್ತದೆ. ಅದನ್ನು ದಾಟುವಾಗ ಎರಡು ಕಾಲು ಆಚೆ, ಎರಡು ಕಾಲು ಈಚೆ ಇಟ್ಟು ವಾಕರ್ ಮೇಲೆ ಭಾರ ಹಾಕಬಾರದು. ಹತ್ತಿರ ಹೋಗಿ ನಿಲ್ಲಿ, ವಾಕರಿನ ನಾಲ್ಕೂ ಕಾಲನ್ನು ಆಚೆ ಇಡಿ, ಒಮ್ಮೆ ಒತ್ತಿ ನೋಡಿ, ಆಮೇಲೆ ಕಾಲೆತ್ತಿ ದಾಟಿ. ಹೊಸಿಲನ್ನು ತುಳಿಯಬಾರದು ಅಂತ ಹಿರಿಯರು ಹೇಳುತ್ತಾರಲ್ವಾ, ವಾಕರ್ ಹಿಡಿದವರಿಗೆ ಅದು ಶಾಸ್ತ್ರಕ್ಕಿಂತ ಹೆಚ್ಚು ಉಪಯೋಗದ ಮಾತು. ಕೆಲವರು ಬಡಗಿ ಕರೆಸಿ ಎರಡೂ ಕಡೆ ಇಳಿಜಾರಿನ ಹಲಗೆ ಹೊಡೆಸುತ್ತಾರೆ. ಮುಂದೆ ಚಕ್ರ ಇರುವ ವಾಕರಿಗೆ ಅದು ತುಂಬಾ ಅನುಕೂಲ.

ಒಂದೇ ಮೆಟ್ಟಿಲಾದರೆ, ಅದು ವಾಕರ್ ಪೂರ್ತಿ ಕೂರುವಷ್ಟು ಅಗಲವಿದ್ದರೆ, ಹತ್ತುವಾಗ ವಾಕರ್ ಮೇಲಿಟ್ಟು ಒಳ್ಳೆ ಕಾಲು ಮೊದಲು. ಇಳಿಯುವಾಗ ವಾಕರ್ ಕೆಳಗಿಟ್ಟು ನೋವಿನ ಕಾಲು ಮೊದಲು. ಮಹಡಿ ಮೆಟ್ಟಿಲಿಗೆ ವಾಕರ್ ಬೇಡವೇ ಬೇಡ. ಅಲ್ಲಿ ಒಂದು ಕೈ ಕಂಬಿಗೆ, ಪಕ್ಕದಲ್ಲಿ ಒಬ್ಬರು. ಮೇಲೊಂದು ಕೆಳಗೊಂದು ವಾಕರ್ ಇಟ್ಟುಕೊಂಡವರೂ ಇದ್ದಾರೆ.

ಈಗ ನೆಲ ನೋಡಿ. ಬಾಗಿಲ ಬಾಗಿಲಿಗೂ ಇರುವ ಕಾಲೊರಸು, ಹಾಲಿನ ಜಮಖಾನ, ಮೊಬೈಲ್ ಚಾರ್ಜರಿನ ವೈರು, ಮೊಮ್ಮಗನ ಆಟದ ಕಾರು ಎಲ್ಲಾ ಎತ್ತಿಡಿ. ನೆಲ ಒರೆಸುವ ಹೊತ್ತು ಗೊತ್ತಿರಲಿ. ಒರೆಸಿ ಒಣಗುವ ತನಕ ಕೂತಿರಿ. ರೆಡ್ ಆಕ್ಸೈಡ್ ನೆಲದ ಮೇಲೆ ನೀರು ಬಿದ್ದರೆ ಕಾಣುವುದೇ ಇಲ್ಲ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸುವವರೆಗೆ ಅಂಗಳಕ್ಕೆ ಇಳಿಯಬೇಡಿ. ಹವಾಯಿ ಚಪ್ಪಲಿ ಹಿಂದೆ ಸಡಿಲ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಇರಲಿ. ಸೀರೆ, ಲಂಗ, ಪಂಚೆ ಎರಡು ಇಂಚು ಮೇಲೆ ಉಡಿ. ನೆರಿಗೆ ಕಾಲಿಗೆ ಸಿಕ್ಕಿ ಬಿದ್ದವರು ಎಷ್ಟೋ ಜನ.

ಬಚ್ಚಲುಮನೆ: ಇಲ್ಲಿ ದುಡ್ಡು ಉಳಿಸಬೇಡಿ

ಮನೆಯಲ್ಲಿ ಯಾವುದಾದರೂ ಒಂದು ಕಡೆ ಮಾತ್ರ ಖರ್ಚು ಮಾಡಲು ಸಾಧ್ಯ ಎಂದರೆ, ಅದು ಇಲ್ಲಿರಲಿ. ನೀರು, ಸೋಪು, ಇಳಿಜಾರು, ಒಂದು ಮೆಟ್ಟಿಲು ಕೆಳಗಿರುವ ನೆಲ, ಎಲ್ಲಾ ಒಂದೇ ಜಾಗದಲ್ಲಿ ಸೇರಿರುತ್ತವೆ. ಅದರ ಮೇಲೆ ಒಬ್ಬರೇ ಇರುತ್ತೀರಿ, ಬಾಗಿಲು ಹಾಕಿರುತ್ತದೆ.

ಕಮೋಡ್ ಪಕ್ಕದ ಗೋಡೆಗೆ, ಸ್ನಾನ ಮಾಡುವ ಜಾಗಕ್ಕೆ ಸ್ಟೀಲಿನ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ರಾಡು ಹಿಡಿಕೆ ಅಲ್ಲ. ಮೈಭಾರ ಬಿದ್ದರೆ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಕಮೋಡ್ ತಗ್ಗಾಗಿದ್ದರೆ ಅದರ ಮೇಲೆ ಕೂರಿಸುವ ಎತ್ತರದ ಸೀಟು ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಇಂಡಿಯನ್ ಟಾಯ್ಲೆಟ್ ಮಾತ್ರ ಇರುವ ಮನೆಯಲ್ಲಿ ಅದರ ಮೇಲೆ ಇಡುವ ಕಮೋಡ್ ಸ್ಟ್ಯಾಂಡ್ ಸಾಕು, ಒಡೆದು ಕಟ್ಟಬೇಕಾಗಿಲ್ಲ. ಸ್ನಾನಕ್ಕೆ ರಬ್ಬರ್ ಕಾಲಿನ ಗಟ್ಟಿ ಸ್ಟೂಲು. ಬಕೆಟ್ಟು ನೆಲದ ಮೇಲಿದ್ದರೆ ಬಗ್ಗಬೇಕು. ಇನ್ನೊಂದು ಗಟ್ಟಿ ಸ್ಟೂಲಿನ ಮೇಲೆ ಅದನ್ನಿಟ್ಟರೆ ಚೊಂಬು ಕೈಗೆ ಸಿಗುತ್ತದೆ.

ಒಳಗಿನ ಚಿಲಕ ಹಾಕಬೇಡಿ. ಮಾನದ ಪ್ರಶ್ನೆ ಅನಿಸಿದರೆ ಬಾಗಿಲಿಗೆ ಹೊರಗಿನಿಂದ ಒಂದು ಕೆಂಪು ಬಟ್ಟೆ ತೂಗು ಹಾಕಿ, ಒಳಗಿದ್ದೀರಿ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ರಾತ್ರಿಗೆ ಮಂಚದಿಂದ ಬಚ್ಚಲವರೆಗೆ ಸಣ್ಣ ದೀಪ ಉರಿಯಲಿ. ವಾಕರ್ ಕೈಗೆಟುಕುವಲ್ಲಿ, ಬಿಚ್ಚಿಟ್ಟೇ ಇರಲಿ. ದಾರಿ ದೂರ ಇದ್ದರೆ ರಾತ್ರಿ ಮಟ್ಟಿಗೆ ಕೋಣೆಯಲ್ಲೇ ಕಮೋಡ್ ಕುರ್ಚಿ ಇಟ್ಟುಕೊಳ್ಳುವುದರಲ್ಲಿ ಸಣ್ಣತನ ಏನೂ ಇಲ್ಲ.

ಎರಡೂ ಕೈ ವಾಕರಿಗೆ ಹೋಯಿತು, ಕಾಫಿ ಲೋಟ ಯಾರು ಹಿಡಿಯಬೇಕು?

ವಾಕರ್ ಹಿಡಿದವರು ಸೋತುಹೋಗುವುದು ಇಲ್ಲಿ. ನಡೆಯಲು ಬರುತ್ತದೆ, ಆದರೆ ಏನನ್ನೂ ತರಲು ಬರುವುದಿಲ್ಲ. ಒಂದು ಕೈಯಲ್ಲಿ ಲೋಟ, ಒಂದು ಕೈಯಲ್ಲಿ ವಾಕರ್ ಎಂಬ ಸಾಹಸ ಮಾತ್ರ ಬೇಡ.

ವಾಕರಿನ ಮುಂಭಾಗಕ್ಕೆ, ಮಧ್ಯದಲ್ಲಿ, ಒಂದು ಬಟ್ಟೆಯ ಚೀಲ ಕಟ್ಟಿ. ಒಂದೇ ಪಕ್ಕಕ್ಕೆ ತೂಗು ಹಾಕಿದರೆ ವಾಲುತ್ತದೆ. ಭಾರದ ಸಾಮಾನು ಹಾಕಬೇಡಿ. ಫೋನು, ಕನ್ನಡಕ, ಮಾತ್ರೆ ಡಬ್ಬಿ, ಪೇಪರ್ ಸಾಕು. ಕಾಫಿಗೆ ಗಟ್ಟಿ ಮುಚ್ಚಳದ ಪುಟ್ಟ ಫ್ಲಾಸ್ಕು. ಅದು ಚೀಲದಲ್ಲಿ ಕೂತು ಹಾಲಿಗೆ ಬರುತ್ತದೆ, ಲೋಟ ಹಾಲಿನಲ್ಲೇ ಇರಲಿ.

ಅಡುಗೆಮನೆಯಲ್ಲಿ ಪಾತ್ರೆ ಎತ್ತಿಕೊಂಡು ನಡೆಯುವ ಬದಲು ಕಟ್ಟೆಯ ಮೇಲೇ ಸರಿಸಿಕೊಂಡು ಹೋಗಿ. ದಿನಾ ಬಳಸುವ ಉಪ್ಪು, ಸಾಸಿವೆ, ಬೇಳೆ, ಕಾಫಿಪುಡಿ ಸೊಂಟದಿಂದ ಭುಜದ ಮಟ್ಟದೊಳಗೆ ಇರಲಿ. ಮೇಲಿನ ಅಟ್ಟಕ್ಕೂ ಬೇಡ, ಕೆಳಗಿನ ಗೂಡಿಗೂ ಬೇಡ. ತರಕಾರಿ ಹೆಚ್ಚುವುದು, ಸೊಪ್ಪು ಬಿಡಿಸುವುದು, ಕಾಯಿ ತುರಿಯುವುದು ಎಲ್ಲಾ ಮೇಜಿನ ಮುಂದೆ ಕೂತು. ನೆಲದ ಮೇಲಿನ ಈಳಿಗೆಮಣೆಗೆ ಸದ್ಯಕ್ಕೆ ರಜೆ. ಸೊಂಟದ ಕೀಲು ಬದಲಿಸಿಕೊಂಡವರು ನೆಲದ ಮೇಲೆ ಕೂರುವ ಮಾತೆತ್ತುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಒಲೆಯ ಮುಂದೆ ನಿಂತಾಗ ಸೆರಗು ಸಿಕ್ಕಿಸಿಕೊಳ್ಳಿ. ಬಗ್ಗಿ ಎತ್ತಲು ಆಗದ ವಸ್ತುವಿಗೆ ಉದ್ದ ಹಿಡಿಕೆಯ ಚಿಮುಟ ಸಿಗುತ್ತದೆ. ಬಿದ್ದದ್ದು ಬಿದ್ದಲ್ಲೇ ಇರಲಿ ಎನ್ನುವ ಅಭ್ಯಾಸವೂ ಒಳ್ಳೆಯದೇ.

ಈಗ ಒಂದು ಕೆಲಸ ಆರಿಸಿ

ಒಂದು ಕಾಗದದಲ್ಲಿ ನೀವು ಬಿಟ್ಟುಕೊಟ್ಟ ಕೆಲಸಗಳನ್ನು ಬರೆಯಿರಿ. ದೇವರಿಗೆ ದೀಪ ಹಚ್ಚುವುದು, ಹಾಲು ತೆಗೆದುಕೊಳ್ಳುವುದು, ತುಳಸಿಗೆ ನೀರು, ಸಂಜೆ ಕಟ್ಟೆಗೆ ಹೋಗುವುದು, ಬ್ಯಾಂಕು, ಮದುವೆಮನೆ. ಸುಲಭವಾದದ್ದನ್ನು ಮೇಲೆ, ಕಷ್ಟದ್ದನ್ನು ಕೆಳಗೆ ಇಡಿ. ಮೇಲಿನ ಒಂದನ್ನು ಮಾತ್ರ ತೆಗೆದುಕೊಳ್ಳಿ. ಮೊದಲು ಪಕ್ಕದಲ್ಲಿ ಒಬ್ಬರಿದ್ದು ಮಾಡಿ. ಆಮೇಲೆ ಅವರು ಕೋಣೆಯ ಬಾಗಿಲಲ್ಲಿ ನಿಲ್ಲಲಿ. ಆಮೇಲೆ ಕೂಗಿದರೆ ಕೇಳುವಷ್ಟು ದೂರ ಇದ್ದರೆ ಸಾಕು. ಅದು ಸುಮ್ನೆ ಆಗಿಹೋಗುವ ಕೆಲಸ ಅನಿಸಿದಾಗ ಮುಂದಿನದಕ್ಕೆ ಹೋಗಿ.

ನಮ್ಮ ಅತ್ತೆ ಆರಿಸಿಕೊಂಡದ್ದು ಹೂವು. ಬೆಳಿಗ್ಗೆ ಗೇಟಿನ ಹತ್ತಿರ ಹೂವಿನವಳು ಬರುತ್ತಾಳೆ. ನಾನು ತೆಗೆದುಕೊಂಡರೆ ಅತ್ತೆಗೆ ಸಮಾಧಾನವೇ ಇಲ್ಲ: “ಮೊಳ ಚಿಕ್ಕದು ಹಾಕಿದ್ದಾಳೆ, ನೀನು ನೋಡ್ಲಿಲ್ವಾ?” ಬಾಗಿಲಿಂದ ಗೇಟಿಗೆ ಒಂದು ಮೆಟ್ಟಿಲು, ಸ್ವಲ್ಪ ಸಿಮೆಂಟ್ ನೆಲ. ಮೊದಲು ಜಗಲಿಯ ಕುರ್ಚಿವರೆಗೆ ಬಂದು ಅಲ್ಲಿಂದಲೇ ಕೂಗಿ ಚೌಕಾಸಿ ಮಾಡುತ್ತಿದ್ದರು. ಆಮೇಲೆ ಮೆಟ್ಟಿಲಿಳಿದು, ನಾನು ಹಿಂದೆ. ಈಗ ವಾಕರಿನ ಚೀಲದಲ್ಲಿ ಚಿಲ್ಲರೆ ಹಾಕಿಕೊಂಡು ಒಬ್ಬರೇ ಗೇಟಿಗೆ ಹೋಗುತ್ತಾರೆ, ಮೊಳ ಅಳೆಯುವ ಕೈಯನ್ನೇ ದಿಟ್ಟಿಸುತ್ತಾರೆ. ಹಾಲಿನಲ್ಲಿ ಸುತ್ತು ಹಾಕಿ ಎಂದು ಫಿಸಿಯೋ ಹೇಳಿದಾಗ ಒಂದೇ ಸುತ್ತಿಗೆ ಸುಸ್ತು ಎನ್ನುತ್ತಿದ್ದವರು ಇವರೇ.

ಕೆಲಸದ ಜೊತೆಗೆ ಕಾಲಿಗೆ ಬಲವೂ ಬೇಕು. ತೋಳಿರುವ ಕುರ್ಚಿಯಿಂದ ಎದ್ದು ಕೂರುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಇವೆರಡನ್ನೂ ಎಷ್ಟು ಸಲ ಮಾಡಬೇಕೆಂದು ನಿಮ್ಮ ಫಿಸಿಯೋ ಹೇಳಲಿ. ಕುಕ್ಕರ್ ಕೂಗುವ ತನಕ ಹಿಮ್ಮಡಿ ವ್ಯಾಯಾಮ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಕಣ್ಣಿನ ಪೊರೆ ಬಂದಿದ್ದರೆ ಅದನ್ನೂ ಮುಂದೂಡಬೇಡಿ. ಹೊಸಿಲು ಕಾಣದಿದ್ದರೆ ಕಾಲಿಗೆ ಎಷ್ಟು ಬಲ ಇದ್ದೂ ಏನು ಪ್ರಯೋಜನ?

ಬಿದ್ದರೆ ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಬಿದ್ದ ಕೂಡಲೇ ಏಳಲು ಹೋಗಬೇಡಿ. ಉಸಿರು ತೆಗೆದುಕೊಂಡು ಕೈಕಾಲು ಒಂದೊಂದಾಗಿ ಆಡಿಸಿ. ಸೊಂಟ ಅಥವಾ ತೊಡೆಯಲ್ಲಿ ಜೋರು ನೋವಿದ್ದರೆ, ಒಂದು ಕಾಲು ಗಿಡ್ಡವಾದಂತೆ ಹೊರಗೆ ತಿರುಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಅಲ್ಲೇ ಇರಿ, 108ಕ್ಕೆ ಫೋನ್ ಮಾಡಿ ಅಥವಾ ಮಾಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಸಣ್ಣ ಪೆಟ್ಟಾದರೂ ಆಸ್ಪತ್ರೆಗೆ ಹೋಗಬೇಕು.

ಏನೂ ಆಗಿಲ್ಲ ಎಂದಾದರೆ ಪಕ್ಕಕ್ಕೆ ಹೊರಳಿ, ಕೈ ಊರಿ ಎದ್ದು, ಮಂಡಿಯ ಮೇಲೆ ಅಂಬೆಗಾಲಿಟ್ಟು ಗಟ್ಟಿ ಕುರ್ಚಿ ಅಥವಾ ಮಂಚದ ಹತ್ತಿರ ಹೋಗಿ. ಎರಡೂ ಕೈ ಅದರ ಮೇಲೆ, ಒಳ್ಳೆ ಕಾಲಿನ ಪಾದ ಮುಂದೆ, ಒತ್ತಿ ಏಳಿ, ತಿರುಗಿ ಕೂರಿ. ವಾಕರ್ ಹಿಡಿದು ಮಾತ್ರ ಏಳಬೇಡಿ. ಮಂಡಿ ಊರಲು ಆಗದವರಿಗೆ ಬೇರೆ ವಿಧಾನ ಇದೆ, ಫಿಸಿಯೋ ಎದುರಿಗೇ ಒಮ್ಮೆ ಕಲಿಯಿರಿ. ಮನೆಯವರು ಬಗಲಿಗೆ ಕೈ ಹಾಕಿ ಎಳೆಯಬಾರದು, ಇಬ್ಬರಿಗೂ ನೋವಾಗುತ್ತದೆ. ಕುರ್ಚಿ ತಂದು ಹತ್ತಿರ ಇಟ್ಟರೆ ಸಾಕು.

ಫೋನು ಚೀಲದಲ್ಲಿದ್ದು ನೀವು ನೆಲದಲ್ಲಿದ್ದರೆ ಉಪಯೋಗವಿಲ್ಲ. ಒಬ್ಬರೇ ಇರುವ ಹೊತ್ತಿನಲ್ಲಿ ಅದು ಕೊರಳಲ್ಲಿರಲಿ, ಇಲ್ಲವೇ ಜೇಬಿನಲ್ಲಿ.

ಗೇಟಿನಿಂದಾಚೆ

ಮೊದಲು ನಿಮ್ಮ ಬೀದಿ, ಬೆಳಗಿನ ಹೊತ್ತು, ಜೊತೆಗೊಬ್ಬರು. ಎಲ್ಲೆಲ್ಲಿ ಕೂರಬಹುದು ಎಂದು ಮೊದಲೇ ನೋಡಿಡಿ: ಅಂಗಡಿಯ ಬೆಂಚು, ಪರಿಚಯದವರ ಜಗಲಿ, ಅರಳಿಕಟ್ಟೆ. ಅರ್ಧ ಸುಸ್ತಾದಾಗ ವಾಪಸ್ ತಿರುಗಬೇಕು, ಪೂರ್ತಿ ಸುಸ್ತಾದಾಗಲ್ಲ. ನಮ್ಮ ಫುಟ್‌ಪಾತ್‌ಗಳ ಬಗ್ಗೆ ಏನು ಹೇಳುವುದು! ಎತ್ತಿದ ಚಪ್ಪಡಿ, ನಿಲ್ಲಿಸಿದ ಬೈಕು ನೋಡಿದರೆ ಪಾರ್ಕೇ ವಾಸಿ.

ಕಾರಿಗೆ ಹತ್ತುವಾಗ ಮುಂದಿನ ಸೀಟು ಪೂರ್ತಿ ಹಿಂದೆ ಸರಿಸಿ. ಬೆನ್ನು ಸೀಟಿನ ಕಡೆ ಮಾಡಿ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಿ. ತೆರೆದ ಬಾಗಿಲು ಹಿಡಿದು ಭಾರ ಹಾಕಬೇಡಿ, ಅದು ಅಲುಗುತ್ತದೆ. ಬೆಂಗಳೂರಿನ ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಪ್ಲಾಟ್‌ಫಾರ್ಮೂ ಬೋಗಿಯೂ ಒಂದೇ ಮಟ್ಟ. ಹಾಗಾಗಿ ಬಸ್ಸಿಗಿಂತ ಮೆಟ್ರೋ ಮೊದಲು ಪ್ರಯತ್ನಿಸಿ, ಜನ ಕಡಿಮೆ ಇರುವ ಮಧ್ಯಾಹ್ನ. ರೈಲಿನಲ್ಲಿ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೋಟಾ ಇದೆ. ವಿಮಾನದಲ್ಲಿ ಹೋಗುವುದಾದರೆ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ. ವಾಕರ್ ಇದೆಯಲ್ಲ ಎಂಬ ಬಿಗುಮಾನ ಬೇಡ, ನಿಲ್ದಾಣದ ನಡಿಗೆ ತುಂಬಾ ಉದ್ದ.

ಎಲ್ಲಾ ಕೆಲಸಕ್ಕೂ ನಿಮ್ಮ ಕಾಲು ಖರ್ಚು ಮಾಡಬೇಕಾಗಿಲ್ಲ. ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದರಿಂದ ಧೈರ್ಯ ಬರುವುದಿಲ್ಲ, ಕಾಲುನೋವು ಬರುತ್ತದೆ. 70 ದಾಟಿದವರಿಗೆ ಮನೆ ಬಾಗಿಲಿಗೇ ಬ್ಯಾಂಕಿಂಗ್ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಪಿಂಚಣಿದಾರರ ಜೀವಿತ ಪ್ರಮಾಣಪತ್ರವನ್ನು ಮೊಬೈಲಿನಲ್ಲೇ ಮುಖ ತೋರಿಸಿ ಕೊಡಬಹುದು. ಪೋಸ್ಟ್‌ಮ್ಯಾನ್ ಮನೆಗೆ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ. ಉಳಿದ ಶಕ್ತಿ ಗೆಳತಿಯ ಮನೆಗೋ ದೇವಸ್ಥಾನಕ್ಕೋ ಇರಲಿ. ದೇವಸ್ಥಾನಕ್ಕೆ ಹಬ್ಬದ ದಿನ ಬೇಡ, ಕಲ್ಲು ಕಾದಿರುವ ಮಧ್ಯಾಹ್ನವೂ ಬೇಡ. ಅಭಿಷೇಕದ ನೀರು ಹರಿದು ನೆಲ ಒದ್ದೆಯಾಗಿರುವ ಕಡೆ ಒಬ್ಬರ ಕೈ ಹಿಡಿಯಿರಿ.

ಮದುವೆಮನೆ ಮತ್ತು ಜನರ ಬಾಯಿ

ನೋವಿಗಿಂತ ನಾಚಿಕೆಗೇ ಮನೆಯಲ್ಲಿ ಉಳಿಯುವವರು ಜಾಸ್ತಿ. “ಅಯ್ಯೋ, ಏನಾಯ್ತು?” ಎಂದು ಹತ್ತು ಜನ ಕೇಳುತ್ತಾರೆ, ಅದು ಖಂಡಿತ. ಒಂದು ಸಾಲಿನ ಉತ್ತರ ತಯಾರಿಟ್ಟುಕೊಳ್ಳಿ: “ಮಂಡಿ ಆಪರೇಷನ್ ಆಯ್ತು, ಈಗ ಪರವಾಗಿಲ್ಲ. ನಿಮ್ಮ ಮಗಳಿಗೆ ಗಂಡು ನೋಡಿದ್ರಾ?” ಮಾತು ತಾನಾಗಿ ಆ ಕಡೆ ತಿರುಗುತ್ತದೆ.

ಛತ್ರದಲ್ಲಿ ಊಟ ಮೇಲಿನ ಮಹಡಿಯಲ್ಲೋ ಕೆಳಗೋ, ಲಿಫ್ಟ್ ಇದೆಯೋ ಎಂದು ಮೊದಲೇ ಫೋನ್ ಮಾಡಿ ಕೇಳಿ. ಮುಹೂರ್ತದ ನೂಕುನುಗ್ಗಲಿಗಿಂತ ಸ್ವಲ್ಪ ಮೊದಲೇ ಹೋಗಿ, ನಡುದಾರಿಯ ಪಕ್ಕದ ಕುರ್ಚಿ ಹಿಡಿಯಿರಿ. ಊಟಕ್ಕೆ ಮೇಜಿನ ಸಾಲಿನ ಕೊನೆಯ ಜಾಗ. ಆಮೇಲೆ ಒಂದು ವಿಚಿತ್ರ ನಡೆಯುತ್ತದೆ: ನೀವು ಕೂತ ಕೂಡಲೇ ಯಾರೋ ಒಬ್ಬರು ತುಂಬಾ ಮರ್ಯಾದೆಯಿಂದ ನಿಮ್ಮ ವಾಕರ್ ಮಡಿಸಿ ಎಲ್ಲೋ ಮೂಲೆಗೆ ಇಟ್ಟುಬರುತ್ತಾರೆ. ಅಲ್ಲಿಂದ ಮುಂದೆ ಏಳಬೇಕಾದರೆ ಅವರನ್ನೇ ಹುಡುಕಬೇಕು. “ಅದು ಇಲ್ಲೇ ಇರಲಪ್ಪ, ನನಗೆ ಬೇಕು” ಎಂದು ಆಗಲೇ ಹೇಳಿಬಿಡಿ.

ಮನೆಯವರಿಗೂ ಇದೇ ಮಾತು. ಅಪ್ಪ ಅಮ್ಮ ನಿಧಾನಕ್ಕೆ ಹೋಗುವುದನ್ನು ನೋಡಿ ಕೈ ಹಿಡಿದು ಎಳೆಯಬೇಡಿ. ಹಿಂದಿನಿಂದ ಕೂಗಬೇಡಿ, ತಿರುಗಿ ನೋಡುವಾಗಲೇ ತೂಕ ತಪ್ಪುತ್ತದೆ. ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ, ಬಲ ಕಡಿಮೆ ಇರುವ ಕಡೆ ನಡೆಯಿರಿ. ಅವರ ಕೆಲಸ ಹತ್ತು ನಿಮಿಷ ತಡವಾದರೆ ಆಗಲಿ.

ಕೋಲಿಗೆ ಯಾವಾಗ?

ಮನೆಯಲ್ಲಿ ವಾಕರ್ ಮರೆತು ಎರಡು ಹೆಜ್ಜೆ ಇಟ್ಟಿದ್ದು ಗೊತ್ತಾದಾಗ ಎಲ್ಲರಿಗೂ ಕೋಲಿನ ಆಸೆ ಹುಟ್ಟುತ್ತದೆ. ಆ ತೀರ್ಮಾನ ನೀವೊಬ್ಬರೇ ಮಾಡಬೇಡಿ. ಫಿಸಿಯೋ ನಡಿಗೆ ನೋಡಿ ಹೇಳಲಿ. ಕೋಲು ಬಂದರೆ ಅದನ್ನು ಹಿಡಿಯಬೇಕಾದದ್ದು ಒಳ್ಳೆ ಕಾಲಿನ ಕಡೆಯ ಕೈಯಲ್ಲಿ, ನೋವಿನ ಕಡೆಯಲ್ಲಲ್ಲ. ಮನೆಯೊಳಗೆ ಕೋಲು, ಹೊರಗೆ ವಾಕರ್ ಎಂದು ಎರಡನ್ನೂ ಇಟ್ಟುಕೊಳ್ಳುವವರು ಬೇಕಾದಷ್ಟು ಜನ. ಕೆಲವರಿಗೆ ವಾಕರ್ ಕೊನೆಯವರೆಗೂ ಬೇಕಾಗಬಹುದು. ಅವರ ಪಟ್ಟಿಯ ಕೆಲಸಗಳೂ ಆಗಿಯೇ ಆಗುತ್ತವೆ.

ಅಷ್ಟು ದಿನ ತಿಂಗಳಿಗೊಮ್ಮೆ ವಾಕರನ್ನು ತಲೆಕೆಳಗು ಮಾಡಿ ನೋಡಿ. ಕಾಲಿನ ರಬ್ಬರ್ ಬುಷ್ಷಿನ ಗೀರು ಸವೆದು ನುಣ್ಣಗಾಗಿದ್ದರೆ ಬದಲಿಸಿ. ಔಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಹಳೆಯದನ್ನು ಅಳತೆಗೆ ತೆಗೆದುಕೊಂಡು ಹೋಗಿ. ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಿ. ಬಳಸಿ ಮುಗಿದ ವಾಕರನ್ನು ಬೇರೆಯವರಿಗೆ ಕೊಡುವಾಗ ಅವರ ಎತ್ತರಕ್ಕೆ ಗುಂಡಿ ಒತ್ತಿ ಸರಿಮಾಡಿಯೇ ಕೊಡಿ.